ಎರಡನೇ ಸಲ ಚಟ್ನಿ

ಸಂಜೆ ಏಳೂಕಾಲು ಆಯಿತೆಂದರೆ ಕಾಶಮ್ಮನ ಮನೆಯಲ್ಲಿ ಒಲೆ ಆರುತ್ತಿತ್ತು. ಅನ್ನ ಮುಕ್ಕಾಲು ಬೆಂದಿದ್ದರೂ ಸರಿ, ಸಾರಿಗೆ ಒಗ್ಗರಣೆ ಬೀಳದಿದ್ದರೂ ಸರಿ. ಭದ್ರಾವತಿ ನ್ಯೂಟೌನಿನ ಆ ಹಳೇ ಕ್ವಾರ್ಟರ್ಸಿನ ಹಜಾರದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿಗಳು ಟೀವಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದವು. ಒಂದು ಕಾಶಮ್ಮನದು, ಇನ್ನೊಂದು ಪಕ್ಕದ ಮನೆಯ ತನುಜಾಳದು. ತನುಜಾ ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ ಹಿಡಿದು, ಚಪ್ಪಲಿಯನ್ನು ಬಾಗಿಲಲ್ಲಿ ಉದುರಿಸಿ, "ಅಕ್ಕ, ಶುರುವಾಯ್ತಾ?" ಎನ್ನುತ್ತಾ ಒಳಗೆ ಬರುವಳು. "ಇನ್ನೂ ಚಿನ್ನದಂಗಡಿ ಜಾಹೀರಾತು ಬರ್ತಿದೆ, ಕೂತ್ಕೋ ಮಾರಾಯ್ತಿ" ಎಂದು ಕಾಶಮ್ಮ ಹೇಳುವಳು. ಆರು ವರ್ಷದಿಂದ ಇದೇ ಮಾತು, ಇದೇ ತಟ್ಟೆ.

ಅವರು ಕಾಯುತ್ತಿದ್ದುದು ಪ್ರಣವ ಗಾಜನೂರು ಎಂಬ ಮನುಷ್ಯನಿಗೆ. ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಏಳೂವರೆಗೆ ಸರಿಯಾಗಿ ಅವನು ಸುದ್ದಿ ವಾಹಿನಿಯ ಮೇಜಿನ ಹಿಂದೆ ಪ್ರತ್ಯಕ್ಷನಾಗಿ, ದಿನದ ರಾಜಕೀಯವನ್ನು ಅರ್ಧ ಗಂಟೆ ಒಬ್ಬನೇ ಹರಟುತ್ತಿದ್ದ. ಕಾರ್ಯಕ್ರಮದ ಹೆಸರೂ 'ಏಳೂವರೆ'. ಇವತ್ತು ಶನಿ ಯಾರ ಹೆಗಲೇರಿದ್ದಾನೆ ಎಂದು ನಾಡೆಲ್ಲ ಕಾದು ಕೂರಲಿ ಎಂದೇ ಇಟ್ಟ ಹೆಸರು. ಅವನ ಮೂಗಿನ ಮೇಲೆ ಒಂದು ಕಪ್ಪು ಚೌಕಟ್ಟಿನ ಕನ್ನಡಕ. ಕುಟುಕುವ ಮಾತು ಬರುವ ಮುಂಚೆ ಅದನ್ನು ಮೆಲ್ಲಗೆ ತೆಗೆದು, ಮಡಿಚಿ, ಮೇಜಿನ ಮೇಲಿಡುತ್ತಿದ್ದ. ಕನ್ನಡಕ ಮೇಜು ಮುಟ್ಟಿತೆಂದರೆ ಯಾರದೋ ಮಾನ ನೆಲ ಮುಟ್ಟಿತೆಂದೇ ಲೆಕ್ಕ.

"ರಸ್ತೆ ಉದ್ಘಾಟನೆಗೆ ಸಚಿವರು ಹೆಲಿಕಾಪ್ಟರಿನಲ್ಲಿ ಬಂದರು" ಎಂದು ಒಮ್ಮೆ ಹೇಳಿದ್ದ. ಕನ್ನಡಕ ಇಳಿಯಿತು. "ಆ ರಸ್ತೆ ಹೇಗಿದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?" ಕಾಶಮ್ಮ ಆವತ್ತು ಮಂಡಕ್ಕಿ ನೆತ್ತಿಗೇರಿ ಕೆಮ್ಮಿದ್ದಳು. ಮೂರನೇ ಸಲ ಪಕ್ಷ ಬದಲಿಸಿದ ನಾಯಕನೊಬ್ಬನ ಬಗ್ಗೆ, "ಇವರು ಸೀಟು ಬದಲಿಸಿದ್ದಾರೆ ಅಷ್ಟೆ, ಹಾಸಿರೋ ಟವೆಲು ಅದೇ" ಎಂದಿದ್ದ. ಅದನ್ನು ಅವಳು ಒಂದು ವಾರ ಬಸ್ಸು ಹತ್ತಿದಾಗಲೆಲ್ಲ ನೆನೆದು ನಕ್ಕಿದ್ದಳು.

ಹಾಗಂತ ಕಾಶಮ್ಮ ಅವನ ಪಕ್ಷದವಳಲ್ಲ. ಕಾರ್ಖಾನೆ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ನರ್ಸಾಗಿ ದುಡಿದು ನಿವೃತ್ತಳಾದವಳು, ಊರಿಗೆಲ್ಲ ಸಿಸ್ಟರಮ್ಮ. ಗಂಡ ಬದುಕಿದ್ದಾಗ ಇಬ್ಬರೂ ಒಟ್ಟಿಗೆ ಕಾರ್ಮಿಕ ಸಂಘದ ಮೆರವಣಿಗೆಯಲ್ಲಿ ನಡೆದವರು. ಫಲಕ ಬರೆಯಬೇಕೆಂದರೆ ಇವತ್ತಿಗೂ ಜನ ಇವಳ ಮನೆಗೇ ಬರುತ್ತಾರೆ. ಪ್ರಣವನ ರಾಜಕೀಯ ಎಂಥದ್ದೆಂದು ಅವಳಿಗೆ ಕನ್ನಡಿಯಷ್ಟು ಸ್ಪಷ್ಟವಿತ್ತು. ಒಂದು ಪಕ್ಷಕ್ಕೆ ಅವನ ಕೈಯಲ್ಲಿ ಚಾಟಿ, ಇನ್ನೊಂದಕ್ಕೆ ನವಿಲುಗರಿ. ಅವನ ಕಡೆಯವರು ಅದೇ ಹೆಲಿಕಾಪ್ಟರಿನಲ್ಲಿ ಬಂದು ಅದೇ ರಸ್ತೆಗೆ ಟೇಪು ಕತ್ತರಿಸಿದರೆ, "ಪಾಪ, ಸಮಯ ಉಳಿಸ್ತಿದ್ದಾರೆ" ಎಂದು ಮುಗಿಸುತ್ತಿದ್ದ. ಅಂಥ ಹೊತ್ತಿನಲ್ಲಿ ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು. ಎರಡನೇ ವರ್ಷದಲ್ಲೇ ಕಾಶಮ್ಮ ಇದನ್ನು ಗಮನಿಸಿ ತನುಜಾಳಿಗೆ ತೋರಿಸಿದ್ದಳು. ಆಮೇಲೆ ಅದೇ ಇಬ್ಬರಿಗೂ ಒಂದು ಆಟವಾಯಿತು. "ತೆಗೀತಾನಾ?" "ಇಲ್ಲ ಬಿಡಕ್ಕ, ಇದು ಅವ್ರ ಮನೆ ಮದುವೆ."

ಗೊತ್ತಿದ್ದೂ ನೋಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆ ಹಜಾರದಲ್ಲಿ ನಗು ಎಂಬುದೇ ಇರಲಿಲ್ಲ. ಎಂಟು ತಿಂಗಳಾದ ಮೇಲೆ ಒಂದು ಸಂಜೆ ಟೀವಿಯೊಳಗಿಂದ ಈ ಮನುಷ್ಯ ಏನೋ ಅಂದ, ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು. ನಕ್ಕದ್ದು ತಾನೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗೋಡೆಯ ಆಚೆ ಪಾತ್ರೆ ತೊಳೆಯುತ್ತಿದ್ದ ತನುಜಾ ಆ ನಗು ಕೇಳಿ ಕೈ ಒರೆಸಿಕೊಂಡು ಬಂದವಳು, ಮಾರನೆಯ ದಿನ ಮಂಡಕ್ಕಿ ತಂದಳು. ಎರಡನೇ ಕುರ್ಚಿ ಟೀವಿಯ ಮುಂದೆ ಬಂದದ್ದು ಹೀಗೆ.

ಆರು ವರ್ಷ ಹೀಗೇ ಕಳೆದ ಮೇಲೆ ಕಾರ್ಖಾನೆ ಆಸ್ಪತ್ರೆಯ ಗುತ್ತಿಗೆ ಹೆಂಗಸರನ್ನು ಕೆಲಸದಿಂದ ತೆಗೆದರು. ಮೂವತ್ತೆಂಟು ಜನ. ವಾರ್ಡು ಗುಡಿಸಿದವರು, ರಕ್ತದ ಬಟ್ಟೆ ಒಗೆದವರು, ಕೊರೊನಾ ಕಾಲದಲ್ಲಿ ಹೆಣ ಸುತ್ತಿದವರು. ಆಗ ಅವರ ಮೇಲೆ ಹೂ ಎರಚಿ ಫೋಟೋ ತೆಗೆಸಿಕೊಂಡ ಸಾಹೇಬರುಗಳು, ಈಗ ಗುತ್ತಿಗೆದಾರ ಬದಲಾದ ಎಂಬ ಒಂದು ಸಾಲಿನ ಕಾಗದ ಅಂಟಿಸಿ ಕೈತೊಳೆದುಕೊಂಡರು. ಹನ್ನೆರಡು ವರ್ಷ ಅದೇ ಗೇಟಿನೊಳಗೆ ಹೋದ ತನುಜಾಳನ್ನು ಒಂದು ಸೋಮವಾರ ಬೆಳಿಗ್ಗೆ ಕಾವಲುಗಾರ ತಡೆದ. ಅವನೂ ಗುತ್ತಿಗೆಯವನೇ, ತಲೆ ತಗ್ಗಿಸಿಕೊಂಡೇ ತಡೆದ. ಕೆಲಸ ಕಳೆದುಕೊಂಡ ಹೆಂಗಸರು ಮಂಗಳವಾರವೇ ಗೇಟಿನೆದುರು ಶಾಮಿಯಾನ ಹಾಕಿ ಕೂತರು. ತನುಜಾ ಹಗಲೆಲ್ಲ ಅಲ್ಲಿ, ಸಂಜೆ ಪಾಳಿ ಬದಲಾದ ಮೇಲೆ ಕಾಶಮ್ಮನ ಹಜಾರದಲ್ಲಿ.

ಧರಣಿಯ ಇಪ್ಪತ್ತಮೂರನೇ ದಿನ, ಬುಧವಾರ, ಪ್ರಣವ ಗಾಜನೂರು ಕ್ಯಾಮೆರಾ ಕಡೆ ಬಾಗಿದ.

"ಭದ್ರಾವತಿಯಲ್ಲಿ ಒಂದು ಧರಣಿ ನಡೀತಿದೆ. ನಾನೇ ಕಣ್ಣಾರೆ ನೋಡಿ ಬಂದೆ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಚಿತ್ರಾನ್ನ, ಸಂಜೆ ಮಂಡಕ್ಕಿ ಮೆಣಸಿನಕಾಯಿ. ಇದು ಧರಣಿಯೋ ಬೀಗರ ಊಟವೋ ನನಗೆ ತಿಳೀಲಿಲ್ಲ." ಕನ್ನಡಕ ಇಳಿಯಿತು, ಮಡಿಚಿಕೊಂಡಿತು, ಮೇಜು ಮುಟ್ಟಿತು. "ನಿಮ್ಮ ಬೇಡಿಕೆ ಏನಮ್ಮ ಅಂತ ಕೇಳಿದೆ. ಎರಡನೇ ಸಲ ಚಟ್ನಿ ಅಂದ್ರು."

ಕಾಶಮ್ಮ ನಕ್ಕಳು.

ಆರು ವರ್ಷದ ಅಭ್ಯಾಸ ಅದು. ಕನ್ನಡಕ ಮೇಜು ಮುಟ್ಟಿದರೆ ಗಂಟಲು ತಾನಾಗಿ ತೆರೆಯುತ್ತಿತ್ತು, ಬುದ್ಧಿ ಆಮೇಲೆ ಬರುತ್ತಿತ್ತು. ಬುದ್ಧಿ ಬಂದಾಗ ನಗು ಹಜಾರದ ತುಂಬ ಹರಡಿಯಾಗಿತ್ತು. ಪಕ್ಕದ ಕುರ್ಚಿಯಲ್ಲಿ ತನುಜಾ ಮಂಡಕ್ಕಿಯ ಕೈಯನ್ನು ಬಾಯಿಗೆ ಒಯ್ಯದೆ ಹಾಗೇ ಹಿಡಿದಿದ್ದಳು. ಆ ಕೈಯನ್ನು ತಟ್ಟೆಯ ಮೇಲೆ ಕೊಡವಿ, ತಟ್ಟೆಯನ್ನು ಟೀವಿಯ ಪಕ್ಕ ಇಟ್ಟು, ಎದ್ದಳು.

"ತನು, ಅದು ಬಾಯಿ ತಪ್ಪಿ..."

"ಹೊತ್ತಾಯ್ತು. ಬರ್ತೀನಿ" ಎಂದಳು. ಅವಳು ಹಾಗೆ ಹೇಳಿ ಹೋದದ್ದು ಆರು ವರ್ಷದಲ್ಲಿ ಅದೇ ಮೊದಲು. ಯಾವತ್ತೂ ಏನೂ ಹೇಳದೆ ಎದ್ದು ಹೋಗುತ್ತಿದ್ದಳು, ನಾಳೆ ಬರುವವಳು ಯಾಕೆ ಹೇಳಬೇಕು.

ಮಾರನೆಯ ದಿನ ಎರಡನೇ ಕುರ್ಚಿ ಖಾಲಿ. ಶುಕ್ರವಾರವೂ ಖಾಲಿ. ಶನಿವಾರ ಕಾಶಮ್ಮ ಒಂದು ಡಬ್ಬಿ ಅವಲಕ್ಕಿ ಕಟ್ಟಿಕೊಂಡು ಶಾಮಿಯಾನಕ್ಕೆ ಹೋದಳು. ಹೆಂಗಸರು ಜಾಗ ಬಿಟ್ಟುಕೊಟ್ಟರು. ತನುಜಾ ಕುರ್ಚಿಯನ್ನು ಸೆರಗಿನಿಂದ ಒರೆಸಿ, "ಬನ್ನಿ ಸಿಸ್ಟರಮ್ಮ, ಕೂತ್ಕೊಳ್ಳಿ" ಎಂದಳು. ಊರಿಗೆಲ್ಲ ಅವಳು ಸಿಸ್ಟರಮ್ಮನೇ. ಆದರೆ ತನುಜಾಳ ಬಾಯಲ್ಲಿ ಆ ಮಾತು ಕಾಶಮ್ಮನಿಗೆ ಸೂಜಿ ಚುಚ್ಚಿದ ಹಾಗಾಯಿತು. ಸಾವಿರಾರು ಜನಕ್ಕೆ ಸೂಜಿ ಚುಚ್ಚಿದವಳು, ಎಲ್ಲಿ ಚುಚ್ಚಿದರೆ ಎಷ್ಟು ನೋಯುತ್ತದೆಂದು ತಿಳಿದವಳು. ಡಬ್ಬಿ ಅಲ್ಲಿಟ್ಟು, ಎರಡು ಘೋಷಣೆ ಕೂಗಿ, ವಾಪಸ್ಸು ಬಂದಳು.

ಭಾನುವಾರ ಕಾಶಮ್ಮ ತಪ್ಪದೆ ಹೋಗುವ ಓದುಕೂಟ. ನಲವತ್ತು ವರ್ಷದಿಂದ ಪ್ರತಿ ಭಾನುವಾರ ಹತ್ತು ಹನ್ನೆರಡು ಜನ ಸೇರಿ ಒಂದು ಪುಸ್ತಕ ಓದಿ ಜಗಳಾಡುವ ಜಾಗ ಅದು. ಶುರುಮಾಡಿದವರು ಕಾರ್ಖಾನೆಯ ಹಳೇ ಸಂಘದ ನಾಯಕರಾದ ಕೊಟ್ರಬಸಪ್ಪನವರು. ಈಗ ಎಪ್ಪತ್ತಾರು ವರ್ಷ, ಕೈ ನಡುಗಿದರೂ ದನಿ ನಡುಗದು. ಕೂಟಕ್ಕೆ ಅವರು ಹಾಕಿಕೊಟ್ಟ ಕ್ರಮ ಒಂದೇ. ಯಾವ ಪುಸ್ತಕವನ್ನಾದರೂ ಹರಿದು ಚಿಂದಿ ಮಾಡಬಹುದು, ಆದರೆ ಮೊದಲು ಅದರಲ್ಲಿ ಮೂರು ಒಳ್ಳೆಯದನ್ನು ಹೇಳಬೇಕು. ಸುಮ್ಮನೆ ಬಾಯುಪಚಾರಕ್ಕಲ್ಲ, ಆ ಪುಸ್ತಕವನ್ನು ಮೆಚ್ಚಿದವನು ಕೇಳಿ "ಹೌದು" ಎಂದು ತಲೆ ಆಡಿಸುವ ಹಾಗೆ. ಅದಕ್ಕೆ ಕೂಟದಲ್ಲಿ 'ತಲೆದೂಗು' ಎಂದೇ ಹೆಸರು. ತಲೆದೂಗು ಮುಗಿಸದೆ ಯಾರೂ ಟೀಕೆ ಮಾಡುವ ಹಾಗಿಲ್ಲ. ತುರ್ತು ಪರಿಸ್ಥಿತಿಯನ್ನು ಹೊಗಳಿದ ಪುಸ್ತಕಕ್ಕೂ ತಲೆದೂಗು ಮಾಡಿ ಆಮೇಲೆ ಬಯ್ದಿದ್ದ ಕೂಟ ಅದು.

ಆವತ್ತು ಪುಸ್ತಕ ತೆರೆಯಲೇ ಇಲ್ಲ. ಮುಂದಿನ ಭಾನುವಾರ ಪ್ರಣವ ಗಾಜನೂರು ಶಿವಮೊಗ್ಗಕ್ಕೆ ಬರುತ್ತಾನಂತೆ, ಸವಳಂಗ ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ ಜನರೆದುರೇ 'ಏಳೂವರೆ' ಚಿತ್ರೀಕರಣವಂತೆ, ಜನ ಪ್ರಶ್ನೆ ಕೇಳಬಹುದಂತೆ.

"ಕಪ್ಪು ಬಾವುಟ" ಎಂದ ಮೂರ್ತಪ್ಪ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಎಲ್ಲದಕ್ಕೂ ಸ್ಪ್ಯಾನರ್ ಹಿಡಿದೇ ಮಾತಾಡುವವನು. "ಬಾಗಿಲಲ್ಲೇ ತಡೆಯೋಣ."

"ತಡೆದ್ರೆ ಅದನ್ನೇ ಒಂದು ವಾರ ತೋರಿಸ್ತಾನೆ. ಬಾವುಟ ಕಪ್ಪಾದ್ರೂ ಊಟ ಬಣ್ಣಬಣ್ಣದ್ದೇ ಅಂತಾನೆ" ಎಂದಳು ಕಾಶಮ್ಮ.

ಎಲ್ಲರೂ ಅವಳತ್ತ ತಿರುಗಿದರು. ಮಾತು ಪ್ರಣವ ಹೇಳಿದ ಹಾಗೇ ಇತ್ತು.

"ಸಿಸ್ಟರಮ್ಮಂಗೆ ಅವನ ಸ್ಕ್ರಿಪ್ಟು ಮೊದಲೇ ಬರುತ್ತೆ ಅಂತ ಕಾಣುತ್ತೆ" ಎಂದ ಮೂರ್ತಪ್ಪ.

"ಬರುತ್ತಪ್ಪ. ಆರು ವರ್ಷ ನೋಡಿದೀನಿ. ಅವನು ಯಾವಾಗ ಉಸಿರು ಎಳ್ಕೊತಾನೆ ಅಂತಾನೂ ಗೊತ್ತು. ಅದಕ್ಕೇ ಹೇಳ್ತಿರೋದು, ನಾನು ಹೋಗಿ ಕೇಳ್ತೀನಿ. ಒಂದೇ ಪ್ರಶ್ನೆ."

"ಏನು ಪ್ರಶ್ನೆ?"

"ಕಣ್ಣಾರೆ ನೋಡಿ ಬಂದೆ ಅಂದನಲ್ಲ. ಯಾವತ್ತು ಬಂದಿದ್ದ?"

ಶಾಮಿಯಾನಕ್ಕೆ ಅವನು ಬಂದೇ ಇರಲಿಲ್ಲ ಎಂಬುದು ಮೂವತ್ತೆಂಟು ಹೆಂಗಸರಿಗೂ ಗೊತ್ತಿತ್ತು. ಅವನು ಬಂದಿದ್ದರೆ ಅವರೆಲ್ಲ ಅವನ ಜತೆ ನಿಂತು ಸೆಲ್ಫಿ ತೆಗೆಸಿಕೊಂಡಿರುತ್ತಿದ್ದರು, ಅವರಿಗೂ ಅವನೆಂದರೆ ಅಷ್ಟೇ ಇಷ್ಟವಿತ್ತು.

ಕೊಟ್ರಬಸಪ್ಪನವರು ತಲೆ ಎತ್ತಿದರು. "ಕಾಶಮ್ಮ, ನೀನು ಅವನ ಅಭಿಮಾನಿ. ಅದು ನಮಗೆಲ್ಲ ಗೊತ್ತು."

"ಹೌದಣ್ಣ. ಅವನ ರಾಜಕೀಯ ಕೊಳಕು, ಕನ್ನಡ ಚೊಕ್ಕ. ಎರಡೂ ನನಗೆ ಗೊತ್ತು."

"ಹಂಗಾದ್ರೆ ನೀನೇ ಹೋಗು. ಆದ್ರೆ ನಮ್ಮ ಕ್ರಮ ಬಿಡಬೇಡ. ಮೊದಲು ತಲೆದೂಗು, ಆಮೇಲೆ ಪ್ರಶ್ನೆ. ಅವರ ಥರ ನಾವಾಗೋದು ಬೇಡ."

ಮೂರ್ತಪ್ಪ ಏನೋ ಗೊಣಗಿದ. ಹಿರಿಯರ ಮಾತಿಗೆ ಎದುರಾಡಲಿಲ್ಲ. ಟೀವಿ ಕ್ಯಾಮೆರಾದ ಮುಂದೆ ನಿಂತು ಮೊದಲು ಹೊಗಳಿ ಆಮೇಲೆ ತಿವಿಯುವುದು ಎಂಥ ಅಪಾಯ ಎಂಬುದು ಓದಿ ಬೆಳೆದ ಆ ಹನ್ನೆರಡು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ. ಪುಸ್ತಕವನ್ನು ಯಾರೂ ನಡುವೆ ಕತ್ತರಿಸಿ ಅಂಟಿಸಿ ಓದುವುದಿಲ್ಲವಲ್ಲ.

ಭಾನುವಾರ ಕಾಶಮ್ಮ ಇಳಕಲ್ ಸೀರೆ ಉಟ್ಟು, ಕೊಟ್ರಬಸಪ್ಪನವರ ಜತೆ ಶಿವಮೊಗ್ಗದ ಬಸ್ಸು ಹತ್ತಿದಳು. ಹೊರಡುವ ಮುಂಚೆ ಗೋಡೆಯಾಚೆಗೆ ಕೇಳುವ ಹಾಗೆ, "ತನು, ಬರ್ತೀಯಾ?" ಎಂದು ಕೂಗಿದ್ದಳು. "ನಂಗೆ ಪಾಳಿ ಇದೆ ಸಿಸ್ಟರಮ್ಮ" ಎಂದಿತು ಗೋಡೆ.

ಕಲ್ಯಾಣ ಮಂಟಪದಲ್ಲಿ ಮದುಮಕ್ಕಳು ಕೂರುವ ಜಾಗದಲ್ಲಿ ಪ್ರಣವನ ಮೇಜು ಇಟ್ಟಿದ್ದರು. ಅವನು ಒಳಗೆ ಬಂದಾಗ ಕಾಶಮ್ಮ ಕತ್ತು ಉದ್ದ ಮಾಡಿ ನೋಡಿದಳು. ಟೀವಿಯಲ್ಲಿ ಕಾಣುವುದಕ್ಕಿಂತ ಗಿಡ್ಡ. ಮುಖದ ಪೌಡರು ಮೆತ್ತದಿರಲೆಂದು ಕಾಲರಿನ ಒಳಗೆ ಟಿಶ್ಯೂ ಕಾಗದ ಸಿಕ್ಕಿಸಿದ್ದರು, ಅದನ್ನು ತೆಗೆಯುವುದು ಮರೆತು ಕೂತಿದ್ದ. ಯಾರಾದರೂ ಹೇಳಬಾರದೇ ಎಂದು ಕಾಶಮ್ಮನಿಗೆ ಚಡಪಡಿಕೆಯಾಯಿತು. ಕೊನೆಗೆ ತಾನೇ ಎರಡನೇ ಸಾಲಿನಿಂದ ಕೊರಳ ಕಡೆ ಕೈ ತೋರಿಸಿ ಸನ್ನೆ ಮಾಡಿದಳು. ಅವನು ನೋಡಿ, ಕಾಗದ ಎಳೆದು ಜೇಬಿಗೆ ಹಾಕಿ, ಅವಳಿಗೆ ಕೈ ಮುಗಿದ. ಕೊಟ್ರಬಸಪ್ಪನವರು ಕೆಮ್ಮಿದರು.

ಐದನೇ ಪ್ರಶ್ನೆಗೆ ಮೈಕು ಅವಳ ಕೈಗೆ ಬಂತು.

"ನಾನು ಭದ್ರಾವತಿಯಿಂದ ಬಂದಿದೀನಿ, ಕಾಶಮ್ಮ ಅಂತ. ಮೊದಲು ಮೂರು ಮಾತು ಹೇಳ್ತೀನಿ. ಒಂದು, ನೀವು ಆ ಹೆಲಿಕಾಪ್ಟರ್ ಮಾತು ಆಡಿದ್ರಲ್ಲ, ಅದನ್ನ ಒಬ್ಬ ಎಂಜಿನಿಯರಿಗೆ ನೂರು ಪುಟದಲ್ಲೂ ಹೇಳಕ್ಕಾಗಲ್ಲ." ಸಭೆ ಚಪ್ಪಾಳೆ ತಟ್ಟಿತು. "ಎರಡು, ಎಲ್ಲರೂ ಕಂಗ್ಲಿಷ್ ಕಲಸೋ ಹೊತ್ತಲ್ಲಿ ನಿಮ್ಮ ವಾಕ್ಯ ಬೆನ್ನು ನೆಟ್ಟಗಿಟ್ಕೊಂಡು ನಡೀತದೆ. ಮೂರು..." ಇಲ್ಲಿ ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಮ್ಮೆಜಮಾನ್ರು ಹೋದ ಮೇಲೆ ನಮ್ಮನೇಲಿ ನಗು ನಿಂತುಹೋಗಿತ್ತು. ಮತ್ತೆ ಬಂದಿದ್ದು ನಿಮ್ಮಿಂದ. ಅದನ್ನ ನಾನು ಸಾಯೋ ತನಕ ಮರೆಯಲ್ಲ."

ಪ್ರಣವ ಕಣ್ಣು ಒದ್ದೆ ಮಾಡಿಕೊಂಡು ತಲೆ ಆಡಿಸಿದ. ನಾಟಕವಲ್ಲ, ಕಾಶಮ್ಮನಿಗೆ ಅವನ ನಾಟಕವೂ ಗೊತ್ತಿತ್ತು. ಕೂಟದ ಕ್ರಮದ ಪ್ರಕಾರ ತಲೆದೂಗು ಮುಗಿಯಿತು.

"ಈಗ ಪ್ರಶ್ನೆ. ನಮ್ಮೂರ ಆಸ್ಪತ್ರೆ ಗೇಟಿನ ಮುಂದಿನ ಶಾಮಿಯಾನ ಕಣ್ಣಾರೆ ನೋಡಿ ಬಂದೆ ಅಂದ್ರಿ. ಯಾವತ್ತು ಬಂದಿದ್ರಿ?"

ಪ್ರಣವ ಒಂದು ಗಳಿಗೆ ಅವಳನ್ನೇ ನೋಡಿದ. ಕೈ ಮೆಲ್ಲಗೆ ಕನ್ನಡಕಕ್ಕೆ ಹೋಯಿತು. ತೆಗೆದ, ಮಡಿಚಿದ, ಮೇಜಿನ ಮೇಲಿಟ್ಟ.

"ಅಮ್ಮಾ, ಬಂದಿದ್ದೆ ಅಂದ್ರೆ ನಂಗ್ಯಾಕೆ ಬಡಿಸಲಿಲ್ಲ ಅಂತ ನಾನು ಕೇಳ್ಬೇಕು. ಬಂದಿರಲಿಲ್ಲ ಅಂದ್ರೆ ಯಾಕೆ ಕರೀಲಿಲ್ಲ ಅಂತ ಕೇಳ್ಬೇಕು. ಎರಡರಲ್ಲೂ ತಪ್ಪು ಅತಿಥೀದಲ್ಲ."

ಇಡೀ ಮಂಟಪ ಹೋ ಎಂದು ನಕ್ಕಿತು. ಎಲ್ಲರಿಗಿಂತ ಮೊದಲು ನಕ್ಕವಳು ಕಾಶಮ್ಮ. ಅಷ್ಟು ನಯವಾಗಿತ್ತು ಮಾತು, ಏನು ಮಾಡುವುದು. ಆದರೆ ಈ ಸಲ ನಗುವಾಗಲೇ ಅವಳ ಕಣ್ಣಿಗೆ ಆ ತಟ್ಟೆ ಬಂತು, ಟೀವಿಯ ಪಕ್ಕ ಇಟ್ಟುಹೋದ ಮಂಡಕ್ಕಿ ತಟ್ಟೆ. ಮೈಕು ವಾಪಸ್ಸು ಕೇಳಿದ ಹುಡುಗಿಗೆ ಅವಳು ಮೈಕು ಕೊಡಲಿಲ್ಲ, ಕೂರಲೂ ಇಲ್ಲ.

"ನಕ್ಕೆ ಸಾರ್. ಚೆನ್ನಾಗಿತ್ತು. ಕನ್ನಡಕ ತೆಗೆಯೋದು ನಗಿಸೋಕೆ, ನಂಗೊತ್ತು. ಈಗ ಹಾಕ್ಕೊಂಡು ಹೇಳಿ. ಯಾವತ್ತು ಬಂದಿದ್ರಿ?"

ಪ್ರಣವನ ಕೈ ಮೇಜಿನ ಮೇಲೆ ಕನ್ನಡಕದ ತನಕ ಹೋಗಿ ನಿಂತಿತು. ಆಮೇಲೆ ಎತ್ತಿಕೊಂಡು ಹಾಕಿಕೊಂಡ.

"ಅದು, ನಮ್ಮ ವರದಿಗಾರರು ಕಳಿಸಿದ..."

"ಕಣ್ಣಾರೆ ಅಂದ್ರಲ್ಲ. ಯಾರ ಕಣ್ಣು?"

"ಸಮಯದ ಅಭಾವ ಇದೆ, ಮುಂದಿನ ಪ್ರಶ್ನೆ" ಎಂದು ನಿರೂಪಕಿ ನಡುವೆ ಬಂದಳು. ಕಾಶಮ್ಮನ ಕೈಯಿಂದ ಮೈಕು ಹೋಯಿತು. ಕೊಟ್ರಬಸಪ್ಪನವರು ಅವಳ ಬೆನ್ನು ತಟ್ಟಿದರು.

ಎಲ್ಲ ಮುಗಿದು ಜನ ಕರಗುವಾಗ ಪ್ರಣವ ತಾನಾಗಿಯೇ ಅವಳ ಹತ್ತಿರ ಬಂದ. "ಅಮ್ಮ, ಆ ಕನ್ನಡಕದ್ದು ಯಾವಾಗ ಗಮನಿಸಿದ್ರಿ?"

"ಎರಡನೇ ವರ್ಷ. ನಿಮ್ಮ ಕಡೆಯೋರ ಸುದ್ದಿ ಬಂದಾಗ ತೆಗೆಯಲ್ಲ ಅನ್ನೋದೂ ಗಮನಿಸಿದೀನಿ."

ಅವನು ನಕ್ಕ, ಸಿಕ್ಕಿಬಿದ್ದ ಹುಡುಗನ ಹಾಗೆ. "ನಮ್ಮನೆಯವಳಿಗೂ ಗೊತ್ತಿಲ್ಲ ಇದು."

"ಅವ್ರಿಗೆ ನಿಮ್ಮನ್ನ ನೋಡೋಕೆ ಬೇರೆ ಹೊತ್ತು ಇರುತ್ತೆ. ನಮಗೆ ಅರ್ಧ ಗಂಟೆ ಮಾತ್ರ. ಒಂದ್ಸಲ ಶಾಮಿಯಾನಕ್ಕೆ ಬನ್ನಿ, ಉಪ್ಪಿಟ್ಟು ಕೊಡ್ತೀವಿ."

"ಬರ್ತೀನಮ್ಮ, ಖಂಡಿತ" ಎಂದ. ಕನ್ನಡಕ ಕೈಯಲ್ಲಿತ್ತು. ಬರುವುದಿಲ್ಲ ಎಂದು ಕಾಶಮ್ಮನಿಗೆ ಆಗಲೇ ತಿಳಿಯಿತು. ಆದರೂ ಅವನ ಅಂಗಿಯ ತೋಳಿಗೆ ಮೆತ್ತಿದ್ದ ಪೌಡರನ್ನು ಕೊಡವಿ ಕಳಿಸಿದಳು.

ಗುರುವಾರ ಅದು ಪ್ರಸಾರವಾಯಿತು. ಕಾಶಮ್ಮ ಒಬ್ಬಳೇ ಕೂತು ನೋಡಿದಳು. ಹೆಲಿಕಾಪ್ಟರ್ ಬಂತು, ಬೆನ್ನು ನೆಟ್ಟಗಿನ ವಾಕ್ಯ ಬಂತು, ಯಜಮಾನರು ಬಂದರು, ಪ್ರಣವನ ಒದ್ದೆ ಕಣ್ಣು ಬಂತು. ಪ್ರಶ್ನೆ ಬರಲಿಲ್ಲ. ಅದರ ಬದಲು ಪ್ರಣವ ಹಳೆಯ ಆ ಮಾತನ್ನೇ, ಎರಡನೇ ಸಲ ಚಟ್ನಿಯ ಮಾತನ್ನೇ, ಮತ್ತೊಮ್ಮೆ ಹೇಳುವುದು ಬಂತು. ಅದರ ಹಿಂದೆಯೇ ಪರದೆ ತುಂಬ ಕಾಶಮ್ಮ ಬಾಯಿ ತೆರೆದು ನಗುವ ಮುಖ. ಕೆಳಗೆ ಅಕ್ಷರ ಓಡಿತು: ಭದ್ರಾವತಿಯ ಅಭಿಮಾನಿ.

ಕತ್ತರಿ ಎಷ್ಟು ಸಲೀಸು ನೋಡಿ. ಬಡವರ ಬಾಯಿ ಮುಚ್ಚಿಸಲು ಮೊದಲೆಲ್ಲ ಲಾಠಿ ಬೇಕಾಗುತ್ತಿತ್ತು. ಈಗ ಬಾಯಿ ಮುಚ್ಚಿಸುವುದೇ ಬೇಡ, ಅದನ್ನೇ ತೆರೆದು ತೋರಿಸಿದರೆ ಸಾಕು.

ಶುಕ್ರವಾರ ಬೆಳಿಗ್ಗೆ ತರಕಾರಿಯವನು ಎರಡು ಹಿಡಿ ಕೊತ್ತಂಬರಿ ಸುಮ್ಮನೆ ಹಾಕಿ, "ಟೀವೀಲಿ ಬಂದ್ರಲ್ಲ ಸಿಸ್ಟರಮ್ಮ, ಮಸ್ತ್ ಆಗಿತ್ತು" ಎಂದ. ಮೂರ್ತಪ್ಪ ಸ್ಕೂಟರಿನಲ್ಲಿ ಬಂದು ಇಳಿಯದೆಯೇ ಮಾತಾಡಿದ. "ಅವರ ಜಾಹೀರಾತಿಗೆ ಹೋಗಿ ಬಂದಂಗಾಯ್ತು. ಆ ತಲೆದೂಗು ಒಂದಿಲ್ಲ ಅಂದಿದ್ರೆ ತೋರಿಸೋಕೆ ಅವನ ಹತ್ರ ಏನಿರ್ತಿತ್ತು?" ಅವನು ಹೇಳಿದ್ದು ಸುಳ್ಳಲ್ಲ. ಮಧ್ಯಾಹ್ನ ಕೊಟ್ರಬಸಪ್ಪನವರು ನಡೆದುಕೊಂಡೇ ಬಂದು ಹಜಾರದಲ್ಲಿ ಕೂತರು. ತನುಜಾಳ ಕುರ್ಚಿಯಲ್ಲಿ.

"ತಪ್ಪು ನಂದು ಕಾಶಮ್ಮ. ಪುಸ್ತಕದ ಕ್ರಮಾನ ಕ್ಯಾಮೆರಾ ಮುಂದೆ ಇಡು ಅಂದೆ."

"ನಗು ನಂದಲ್ಲವಾ ಅಣ್ಣ? ಅದನ್ನ ನೀವು ಹೇಳಿಕೊಟ್ಟಿದ್ದಲ್ಲ."

"ಏನು ಮಾಡ್ತೀಯ ಈಗ?"

"ಶಾಮಿಯಾನಕ್ಕೆ ಹೋಗ್ತೀನಿ. ಅಲ್ಲಿ ಕತ್ತರಿ ಇಲ್ಲ."

ಸಂಜೆ ಏಳೂಕಾಲಿಗೆ ಕಾಶಮ್ಮ ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಆಸ್ಪತ್ರೆ ಗೇಟಿಗೆ ನಡೆದಳು. ಧರಣಿಯ ಮೂವತ್ತೊಂಬತ್ತನೇ ದಿನ. ಟ್ಯೂಬ್‌ಲೈಟಿನ ಕೆಳಗೆ ಹದಿನೈದಿಪ್ಪತ್ತು ಹೆಂಗಸರಿದ್ದರು. ಯಾರೂ ಜಾಗ ಬಿಡಲಿಲ್ಲ, ಅವಳೂ ಕೇಳಲಿಲ್ಲ. ಎದುರಿಗೆ ಕುರ್ಚಿ ಹಾಕಿ, ಒಂದು ಖಾಲಿ ನೀರಿನ ಕ್ಯಾನನ್ನು ಮೇಜಿನ ಹಾಗೆ ಮುಂದಿಟ್ಟುಕೊಂಡು ಕೂತಳು. ತನುಜಾ ಕಂಬಕ್ಕೆ ಒರಗಿ ಕೂತು ಬೇರೆಲ್ಲೋ ನೋಡುತ್ತಿದ್ದಳು.

"ಗಂಟೆ ಏಳೂವರೆ" ಎಂದಳು ಕಾಶಮ್ಮ. ದನಿ ಪ್ರಣವನದೇ, ಕೊನೆಯ ಅಕ್ಷರವನ್ನು ಸ್ವಲ್ಪ ಎಳೆಯುವ ಆ ರೀತಿಯೂ ಅವನದೇ. "ನಾಡಿನ ಸಮಸ್ತ ಜನತೆಗೆ ನಮಸ್ಕಾರ. ಇವತ್ತಿನ ಸುದ್ದಿ, ಕಾಶಮ್ಮ ಅನ್ನೋ ಒಬ್ಬ ನಿವೃತ್ತ ನರ್ಸು."

ಯಾರೋ ಹಿಂದಿನಿಂದ ಕಿಸಕ್ಕೆಂದರು. ತಮಿಳು ಮನೆಮಾತಿನ ಸೆಲ್ವಿ, "ಅಯ್ಯೋ, ಅವನೇ ಬಂದ ಹಂಗಿದೆ ಕಣೇ" ಎಂದಳು.

"ಈ ಕಾಶಮ್ಮ ಎರಡು ಸಲ ನಕ್ಕಳು. ಮೊದಲನೇ ಸಲ ಪಕ್ಕದಲ್ಲಿ ಕೂತು ಮಂಡಕ್ಕಿ ತಿಂತಿದ್ದವಳ ಹೊಟ್ಟೆ ಉರಿಸಿದಳು. ನಲವತ್ತು ವರ್ಷ ಓದುಕೂಟದಲ್ಲಿ ಓದಿದಾಳಂತೆ. ಏನು ಓದಿದಳೋ, ಎದುರಿನ ಮುಖ ಓದೋಕೆ ಬರಲಿಲ್ಲ."

ಆಮೇಲೆ ಅವಳು ಎಲ್ಲವನ್ನೂ ಆಡಿ ತೋರಿಸಿದಳು. ಕಲ್ಯಾಣ ಮಂಟಪ, ಕಾಲರಿನ ಟಿಶ್ಯೂ, ಮೂರು ಹೊಗಳಿಕೆ, ಪ್ರಶ್ನೆ. ಅವನ ಉತ್ತರ ಬಂದಾಗ ಹೆಂಗಸರೂ ನಕ್ಕರು, ನಕ್ಕು ಬಾಯಿ ಮುಚ್ಚಿಕೊಂಡರು. "ನೋಡಿದ್ರಾ," ಎಂದಳು ತನ್ನ ದನಿಯಲ್ಲೇ, "ನೀವೂ ನಕ್ರಿ. ಅವನು ಅಷ್ಟು ಚೆನ್ನಾಗಿ ಹೇಳ್ತಾನೆ, ಹಾಳಾದೋನು. ಆದ್ರೆ ನಾನು ಕೂರಲಿಲ್ಲ." ಎರಡನೇ ಸಲ ಕೇಳಿದ್ದು, ಅವನ ಕೈ ಕನ್ನಡಕದ ಬಳಿ ನಿಂತದ್ದು, ಮೈಕು ಕಿತ್ತುಕೊಂಡದ್ದು, ಎಲ್ಲ ಹೇಳಿದಳು. ಹಿಂದೆ ನಿಂತಿದ್ದ ಕೊಟ್ರಬಸಪ್ಪನವರು ನಡುನಡುವೆ "ಹೌದು, ನಾನಿದ್ದೆ" ಎನ್ನುತ್ತಿದ್ದರು. ಟೀವಿಯಲ್ಲಿ ಬಾರದೇ ಹೋದದ್ದಕ್ಕೆ ಆ ಮುದುಕನೊಬ್ಬನೇ ಸಾಕ್ಷಿ.

"ಈಗ ಕೊನೇ ಮಾತು" ಎಂದು ಮತ್ತೆ ಪ್ರಣವನ ದನಿ ತೆಗೆದು, ತನ್ನ ದಪ್ಪ ಗಾಜಿನ ಕನ್ನಡಕಕ್ಕೆ ಕೈ ಹಾಕಿದಳು. ಮೆಲ್ಲಗೆ ತೆಗೆದಳು, ಮಡಿಚಿದಳು, ನೀರಿನ ಕ್ಯಾನಿನ ಮೇಲಿಟ್ಟಳು.

ಎದುರಿನ ಮುಖಗಳೆಲ್ಲ ಕಲಸಿಹೋದವು. ಟ್ಯೂಬ್‌ಲೈಟು ಒಂದು ಬಿಳೀ ಗೀರು, ಹೆಂಗಸರು ಬಣ್ಣಬಣ್ಣದ ಗುಡ್ಡೆಗಳು. ತನುಜಾ ಯಾವ ಕಡೆ ಕೂತಿದ್ದಳೆಂದೇ ತಿಳಿಯಲಿಲ್ಲ. ಹೇಳಬೇಕೆಂದುಕೊಂಡ ಮಾತು ಕಾಶಮ್ಮನ ಬಾಯಲ್ಲೇ ಉಳಿಯಿತು.

"ಏನೂ ಕಾಣಲ್ಲ ಕಣ್ರೇ" ಎಂದಳು, ಈಗ ಯಾರ ದನಿಯೂ ಅಲ್ಲದ ದನಿಯಲ್ಲಿ. "ಇದನ್ನ ತೆಗೆದ್ರೆ ಎದುರಿಗೆ ಯಾರ ಮುಖಾನೂ ಕಾಣಲ್ಲ. ಅವನಿಗೂ ಹಿಂಗೇ ಇರಬೇಕು. ಅದಕ್ಕೇ ಪಾಪ, ಅಷ್ಟು ಧೈರ್ಯವಾಗಿ ಅಂತಾನೆ."

ಗೇಟಿನ ಕಾವಲುಗಾರ ಕೂಡ ಗೂಡಿನಿಂದ ಈಚೆ ಬಂದು ನಿಂತಿದ್ದ. ಆ ಮಸುಕಿನೊಳಗಿಂದ, ಕಂಬ ಇದ್ದಿರಬಹುದಾದ ಕಡೆಯಿಂದ, ಒಂದು ದನಿ ಬಂತು.

"ಅಕ್ಕ, ನಿಮ್ಮ ಬೇಡಿಕೆ ಏನಕ್ಕ?"

ಕಾಶಮ್ಮ ದನಿ ಬಂದ ಕಡೆ ತಿರುಗಿದಳು. "ಎರಡನೇ ಸಲ ಚಟ್ನಿ" ಎಂದಳು.

ಮೊದಲು ನಕ್ಕವಳು ಸೆಲ್ವಿ, ಆಮೇಲೆ ಶಾಮಿಯಾನವೆಲ್ಲ ನಕ್ಕಿತು. ಕಾಶಮ್ಮ ತಡಬಡಿಸಿ ಕ್ಯಾನಿನ ಮೇಲೆ ಕನ್ನಡಕಕ್ಕೆ ತಡಕಾಡಿದಳು. ತನುಜಾ ನಗುತ್ತಿದ್ದಾಳೋ ಇಲ್ಲವೋ ಎಂದು ಅವಳಿಗೆ ನೋಡಬೇಕಿತ್ತು. ಕೈಗೆ ಕನ್ನಡಕ ಸಿಗಲಿಲ್ಲ. ಯಾರೋ ಎತ್ತಿ, ಸೆರಗಿನಿಂದ ಗಾಜು ಒರೆಸಿ, ಅವಳ ಮೂಗಿನ ಮೇಲಿಟ್ಟರು. ತನುಜಾಳ ಮುಖ ಹತ್ತಿರದಲ್ಲೇ ಇತ್ತು. ಪೂರ್ತಿ ನಗುತ್ತಿರಲಿಲ್ಲ. ಅಳು ಇನ್ನೂ ಸ್ವಲ್ಪ ಬಾಕಿ ಇತ್ತು.

"ನಾಳೆ ಶನಿವಾರ, ಅವನು ಬರಲ್ಲ" ಎಂದಳು ತನುಜಾ. "ಸೋಮವಾರ ಬರ್ತೀನಿ. ಆದ್ರೆ ಒಂದು ಕರಾರು. ಅವನು ಕನ್ನಡಕ ತೆಗೆದ ತಕ್ಷಣ ಇಬ್ಬರೂ ಗಟ್ಟಿಯಾಗಿ ಕೇಳ್ಬೇಕು, ಯಾವತ್ತು ಬಂದಿದ್ದೆ ಅಂತ. ಆಮೇಲೆ ಬೇಕಾದ್ರೆ ನಗೋದು."

"ಮೊದಲು ಪ್ರಶ್ನೆ, ಆಮೇಲೆ ತಲೆದೂಗು" ಎಂದರು ಕೊಟ್ರಬಸಪ್ಪನವರು ಹಿಂದಿನಿಂದ. ಅವರು ಅದನ್ನು ತಮಾಷೆಗೆ ಹೇಳಿದರೋ ಕೂಟದ ಕ್ರಮವನ್ನೇ ಬದಲಿಸಿದರೋ ಯಾರಿಗೂ ತಿಳಿಯಲಿಲ್ಲ. ಸೆಲ್ವಿ ದೊಡ್ಡ ಬೋಗುಣಿಯಲ್ಲಿ ಮಂಡಕ್ಕಿ ಕಲಸತೊಡಗಿದಳು. ಕಾಶಮ್ಮ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಕಂಬದ ಪಕ್ಕ ಹಾಕಿಕೊಂಡಳು.